ಒತ್ತಡ ಬಂದಾಗ ನಂಬಿಕೆ ಯಾವ ಕಡೆಯಿಂದ ಬಿರುಕು ಬಿಡುತ್ತದೆ?

ನನ್ನ ಗೆಳೆಯನೊಬ್ಬನಿಗೆ ಇದ್ದಕ್ಕಿದ್ದಂತೆ ಕೆಲಸ ಹೋಯಿತು. ಅವತ್ತು ಅವನು ಮನೆಗೆ ಬಂದ, ಊಟ ಮಾಡಿದ, ಮಲಗಿದ. ಹೆಂಡತಿಗೆ ಹೇಳಲಿಲ್ಲ. ಮರುದಿನ ಬೆಳಗ್ಗೆ ಎಂದಿನ ಹೊತ್ತಿಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟ. ಸಂಜೆ ಎಂದಿನ ಹೊತ್ತಿಗೆ ವಾಪಸ್ ಬಂದ. ಹೀಗೇ ಮೂರು ವಾರ ನಡೆಯಿತು. ಕೊನೆಗೆ ವಿಷಯ ಬೇರೆ ಯಾರಿಂದಲೋ ಅವಳ ಕಿವಿಗೆ ಬಿತ್ತು.

ಅವಳು ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ದಿನಾ ಸಂಜೆ ಆಫೀಸ್ ಹೇಗಿತ್ತು ಅಂತ ಕೇಳ್ತಿದ್ದೆ. ಚೆನ್ನಾಗಿತ್ತು ಅಂತ ನನ್ನ ಮುಖ ನೋಡ್ಕೊಂಡು ಹೇಗೆ ಹೇಳಿದೆ?" ಅಂದಳು. ಅವನ ಉತ್ತರ, "ನಿನಗ್ಯಾಕೆ ಟೆನ್ಷನ್ ಕೊಡೋದು ಅಂತ."

ಅವನು ಸುಳ್ಳುಗಾರನಲ್ಲ. ಎಷ್ಟೋ ವರ್ಷದಿಂದ ಬಲ್ಲೆ. ಆ ಉತ್ತರವನ್ನು ಅವನು ಮನಸಾರೆ ನಂಬಿದ್ದ. ಹೆಂಡತಿಯನ್ನು ಕಾಪಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದ. ಅವಳಿಗೆ ಮಾತ್ರ ಮೂರು ವಾರ ಒಬ್ಬ ಅಪರಿಚಿತನ ಜೊತೆ ಬದುಕಿದಂತೆ ಅನಿಸಿತ್ತು.

ಇದೇ ಸುದ್ದಿ ಬೇರೆ ಸ್ವಭಾವದವರಿಗೆ ಬಂದಿದ್ದರೆ ಏನಾಗುತ್ತಿತ್ತು? ಒಬ್ಬರು ಮನೆಗೆ ಬಂದವರೇ ಕೂಗಾಡುತ್ತಿದ್ದರು. ಇನ್ನೊಬ್ಬರು ಹತ್ತು ಗೆಳೆಯರಿಗೆ ಫೋನ್ ಮಾಡಿ ಹಗುರಾಗುತ್ತಿದ್ದರು, ಆ ಭರದಲ್ಲಿ ಸಂಗಾತಿ ನಂಬಿ ಹೇಳಿದ್ದ ಗುಟ್ಟನ್ನೂ ಹೊರಗೆ ಹಾಕುತ್ತಿದ್ದರು. ಮತ್ತೊಬ್ಬರು ರಾತ್ರಿಯೇ ಲೆಕ್ಕ ಬರೆದು, ಯಾರನ್ನೂ ಕೇಳದೆ, ಮನೆಯವರೆಲ್ಲರ ಖರ್ಚಿಗೆ ಕತ್ತರಿ ಹಾಕುತ್ತಿದ್ದರು. ನಾಲ್ಕೂ ಕಡೆ ನಂಬಿಕೆಗೆ ಪೆಟ್ಟು ಬಿತ್ತು. ನಾಲ್ವರಿಗೂ ತಾವು ಮಾಡಿದ್ದು ಸರಿ ಅನಿಸುತ್ತದೆ.

ನಾನು ಇಲ್ಲಿ ಹೇಳಬೇಕೆಂದಿರುವುದು ಇದನ್ನೇ. ಒತ್ತಡದಲ್ಲಿ ನಾವು ನಂಬಿಕೆ ಮುರಿಯುವುದು ಸಾಮಾನ್ಯವಾಗಿ ನಮ್ಮ ಒಳ್ಳೆಯ ಗುಣದ ಕಡೆಯಿಂದ. ಕಾಪಾಡುವವನು ಮುಚ್ಚಿಡುತ್ತಾನೆ. ನೇರ ಮಾತಿನವಳು ಚುಚ್ಚುತ್ತಾಳೆ. ಶಿಸ್ತಿನವರು ದರ್ಬಾರು ಮಾಡುತ್ತಾರೆ. ತಪ್ಪು ಬರುವ ಬಾಗಿಲು ನಮಗೆ ಗುಣದ ಬಾಗಿಲಿನ ಹಾಗೆ ಕಾಣುವುದರಿಂದ ಅಲ್ಲಿ ಕಾವಲು ಇಡುವುದಿಲ್ಲ.

ನಂಬಿಕೆ ಒಂದೇ ಪದರದ್ದಲ್ಲ

ನಂಬಿಕೆ ಅಂದರೆ ಏನು ಅಂತ ಮೊದಲು ನೋಡೋಣ. 1985ರಲ್ಲಿ ರೆಂಪೆಲ್, ಹೋಮ್ಸ್ ಮತ್ತು ಜಾನಾ ಎಂಬ ಮನಶ್ಶಾಸ್ತ್ರಜ್ಞರು ಹತ್ತಿರದ ಸಂಬಂಧಗಳಲ್ಲಿನ ನಂಬಿಕೆಯನ್ನು ಮೂರು ಪದರವಾಗಿ ಬಿಡಿಸಿ ತೋರಿಸಿದರು. ಮೊದಲನೆಯದು, ಈ ಮನುಷ್ಯ ಹೀಗೇ ನಡೆದುಕೊಳ್ಳುತ್ತಾನೆ ಅಂತ ಊಹಿಸಬಲ್ಲೆ ಎನ್ನುವುದು. ಸಂಜೆ ಬರುತ್ತೇನೆ ಅಂದರೆ ಬರುತ್ತಾನೆ. ಎರಡನೆಯದು ಸ್ವಲ್ಪ ಆಳದ್ದು. ಈ ಮನುಷ್ಯನ ಗುಣವೇ ನೆಚ್ಚಿಕೊಳ್ಳುವಂಥದ್ದು, ಕೈ ಬಿಡುವವನಲ್ಲ ಎನ್ನುವುದು. ಮೂರನೆಯದು, ಮುಂದೆ ಏನು ಬರುತ್ತದೋ ಗೊತ್ತಿಲ್ಲ, ಆದರೂ ಇವನು ನನ್ನ ಜೊತೆ ಇರುತ್ತಾನೆ ಎನ್ನುವ ಭರವಸೆ. ಇದಕ್ಕೆ ಪೂರ್ತಿ ಸಾಕ್ಷಿ ಯಾವತ್ತೂ ಸಿಗುವುದಿಲ್ಲ. ಸಾಕ್ಷಿ ಮುಗಿದ ಜಾಗದಿಂದ ಮುಂದಕ್ಕೆ ಇಡುವ ಹೆಜ್ಜೆ ಅದು.

ಗೆಳೆಯನ ಹೆಂಡತಿಗೆ ನೋವಾದದ್ದು ಎಲ್ಲಿ ಅಂತ ಈಗ ತಿಳಿಯುತ್ತದೆ. ಕೆಲಸ ಹೋದದ್ದು ಯಾವ ಪದರಕ್ಕೂ ತಾಗಲಿಲ್ಲ. ಸುಳ್ಳು ಹೇಳಿದ್ದು ಮೂರನೆಯದಕ್ಕೇ ತಾಗಿತು. "ಕಷ್ಟ ಬಂದರೆ ಇವನು ನನ್ನನ್ನು ಹೊರಗಿಡುತ್ತಾನೆ" ಅಂತ ಅವಳಿಗೆ ಗೊತ್ತಾಗಿಹೋಯಿತು. ಒಂದು ಸಣ್ಣ ಸುಳ್ಳು ಕೆಲವರ ಮನೆಯಲ್ಲಿ ನಗುವಿನಲ್ಲಿ ಕರಗುತ್ತದೆ, ಕೆಲವರ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸುಳ್ಳಿನ ಗಾತ್ರಕ್ಕಿಂತ ಅದು ಯಾವ ಪದರಕ್ಕೆ ಬಿತ್ತು ಎನ್ನುವುದು ಮುಖ್ಯ.

ಆತುರದಲ್ಲಿದ್ದ ವಿದ್ಯಾರ್ಥಿಗಳು

ಒತ್ತಡ ಮನುಷ್ಯನ ನೀತಿಯನ್ನು ಎಷ್ಟು ಬದಲಿಸಬಲ್ಲದು? ಇದಕ್ಕೆ ನನಗೆ ತುಂಬ ಮೆಚ್ಚಿನ, ತುಂಬ ಕಾಡುವ ಪ್ರಯೋಗವೊಂದಿದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮಾಡಿ, 1973ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಪಾಲ್ಗೊಂಡ 40 ಮಂದಿ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳು. ಮುಂದೆ ಪಾದ್ರಿಗಳಾಗಬಹುದಾದವರು. ಪಕ್ಕದ ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಬೇಕು ಅಂತ ಅವರಿಗೆ ಹೇಳಲಾಯಿತು. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲ್‌ನ ಒಳ್ಳೆಯ ಸಮಾರಿಯನ ಕಥೆ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದವನ ಕಥೆ ಅದು.

ಕೆಲವರಿಗೆ "ಇನ್ನೂ ಸಮಯ ಇದೆ, ನಿಧಾನವಾಗಿ ಹೋಗಿ" ಅಂದರು. ಕೆಲವರಿಗೆ "ಈಗ ಹೊರಟರೆ ಸರಿ" ಅಂದರು. ಇನ್ನು ಕೆಲವರಿಗೆ "ಆಗಲೇ ತಡವಾಗಿದೆ, ಬೇಗ ಹೋಗಿ" ಅಂದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನು ಪ್ರಯೋಗದವರೇ ಕೂರಿಸಿದವನು.

ಸಮಯ ಇದ್ದವರಲ್ಲಿ ನೆರವಿಗೆ ನಿಂತವರು ಶೇಕಡಾ 63. ನಡುವಿನ ಗುಂಪಿನಲ್ಲಿ 45. ತಡವಾಗಿದೆ ಅಂತ ಕೇಳಿಸಿಕೊಂಡವರಲ್ಲಿ ಬರೀ 10. ಯಾವ ವಿಷಯದ ಮೇಲೆ ಭಾಷಣ ಎನ್ನುವುದು ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ. ಅವರ ಧಾರ್ಮಿಕ ಸ್ವಭಾವ ಎಂಥದ್ದು ಅಂತ ಮೊದಲೇ ಪ್ರಶ್ನೆಪತ್ರಿಕೆಯಲ್ಲಿ ಅಳೆದಿದ್ದರು. ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಅಂತ ಅದರಿಂದಲೂ ಹೇಳಲಾಗಲಿಲ್ಲ. ಒಳ್ಳೆಯವರೋ ಕೆಟ್ಟವರೋ ಎನ್ನುವುದಕ್ಕಿಂತ ಆತುರ ಇತ್ತೋ ಇಲ್ಲವೋ ಎನ್ನುವುದೇ ಜಾಸ್ತಿ ಕೆಲಸ ಮಾಡಿತ್ತು.

ಈ ವರದಿಯಲ್ಲಿ ಒಂದು ಸಣ್ಣ ಮಾತು ಇದೆ. ನಿಲ್ಲದೆ ಹೋದ ಹಲವರು ಭಾಷಣದ ಜಾಗ ಮುಟ್ಟಿದಾಗ ಕಳವಳಗೊಂಡಂತೆ ಕಾಣುತ್ತಿದ್ದರಂತೆ. ಅಂದರೆ ಅವರು ಕಲ್ಲು ಮನಸ್ಸಿನವರಲ್ಲ. ಒಂದು ಕಡೆ ಕಾಯುತ್ತಿರುವ ಜನ, ಇನ್ನೊಂದು ಕಡೆ ನರಳುವ ಮನುಷ್ಯ. ಎರಡರ ನಡುವೆ ಸಿಕ್ಕಿಕೊಂಡವರು. ಮನೆಗಳಲ್ಲಿ ನಡೆಯುವುದೂ ಬಹಳ ಸಲ ಇಂಥದ್ದೇ ಅಲ್ವಾ? ಸಂಗಾತಿ ಅಳುತ್ತಿರುವುದು ಕಾಣುತ್ತದೆ. ಕೈಯಲ್ಲಿರುವ ತುರ್ತು ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದೇಹದ ಕಡೆಯಿಂದ ಇದಕ್ಕೆ ಕಾರಣ ತೀರಾ ಗುಟ್ಟೇನಲ್ಲ. ಅಪಾಯ ಕಂಡಾಗ ದೇಹ ಹೋರಾಡಲು ಅಥವಾ ಓಡಲು ಸಜ್ಜಾಗುತ್ತದೆ ಅಂತ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೂರು ವರ್ಷಕ್ಕೂ ಹಿಂದೆಯೇ ವಿವರಿಸಿದ್ದರು. ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ, ಎದೆ ಬಡಿತ ಜೋರಾಗುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗ, ಅಂದರೆ ತಾಳ್ಮೆಯಿಂದ ತೂಗಿ ನೋಡುವ, ನಾಲಿಗೆಗೆ ಕಡಿವಾಣ ಹಾಕುವ ಭಾಗ, ಮಂಕಾಗುತ್ತದೆ. ಹಳೆಯ ರೂಢಿಗಳು ಮುಂದೆ ಬರುತ್ತವೆ. ಚಿಕ್ಕಂದಿನಿಂದ ಮುಚ್ಚಿಟ್ಟು ಅಭ್ಯಾಸ ಇದ್ದವನು ಮುಚ್ಚಿಡುತ್ತಾನೆ, ಕೂಗಿ ಅಭ್ಯಾಸ ಇದ್ದವನು ಕೂಗುತ್ತಾನೆ.

ಹಾಗಾದರೆ ಸ್ವಭಾವಕ್ಕೆ ಬೆಲೆಯೇ ಇಲ್ಲವೇ?

ಇದೆ. ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ.

1928ರಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಎಂಬಿಬ್ಬರು ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆ ಪರೀಕ್ಷಿಸಿದ ವರದಿ ಹೊರಬಂತು. ಪರೀಕ್ಷೆಯಲ್ಲಿ ನಕಲು ಮಾಡಲು, ಆಟದಲ್ಲಿ ಮೋಸ ಮಾಡಲು, ಸಿಕ್ಕ ದುಡ್ಡು ಇಟ್ಟುಕೊಳ್ಳಲು ಮಕ್ಕಳಿಗೆ ಅವಕಾಶ ಕೊಟ್ಟು ನೋಡಿದ್ದರು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೇ ಇರುತ್ತದೆ ಅಂತ ಹೇಳಲು ಆಗಲಿಲ್ಲ. ಎರಡರ ನಡುವಿನ ನಂಟು ತೀರಾ ತೆಳುವಾಗಿತ್ತು. 1968ರಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಇಂಥ ಪುರಾವೆಗಳನ್ನೆಲ್ಲ ಒಟ್ಟು ಹಾಕಿ, ಪರ್ಸನಾಲಿಟಿ ಪರೀಕ್ಷೆಯ ಅಂಕ ನೋಡಿ ಒಬ್ಬರ ಒಂದು ನಡವಳಿಕೆಯನ್ನು ಊಹಿಸುವುದು ಬಹಳ ಕಷ್ಟ ಅಂತ ವಾದಿಸಿದರು. ಇಡೀ ಕ್ಷೇತ್ರದಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು.

ಆ ಜಗಳಕ್ಕೆ ಸಿಕ್ಕ ಒಂದು ಉತ್ತರ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಮಿಶೆಲ್ ಮತ್ತು ಯೂಚಿ ಶೋಡಾ ಬೇಸಿಗೆ ಶಿಬಿರವೊಂದರಲ್ಲಿ ಮಕ್ಕಳನ್ನು ದಿನಗಟ್ಟಲೆ ಗಮನಿಸಿದ್ದರು. ಇಬ್ಬರು ಮಕ್ಕಳು ಸರಾಸರಿಯಲ್ಲಿ ಒಂದೇ ಸಮನೆ ಜಗಳಗಂಟರು ಅಂದುಕೊಳ್ಳಿ. ಒಬ್ಬ ಜಗಳ ಆಡುವುದು ಗೆಳೆಯರು ರೇಗಿಸಿದಾಗ. ಇನ್ನೊಬ್ಬ ದೊಡ್ಡವರು ಗದರಿದಾಗ. ಅವರವರ ಈ ನಕ್ಷೆ ಮಾತ್ರ ಮತ್ತೆ ಮತ್ತೆ ಹಾಗೇ ಕಾಣಿಸಿಕೊಳ್ಳುತ್ತಿತ್ತು. 1995ರಲ್ಲಿ ಅವರು ಇದನ್ನು ಸಿದ್ಧಾಂತವಾಗಿ ಬರೆದರು. ಸ್ವಭಾವ ಅಂದರೆ "ಇವನು ಸಿಟ್ಟಿನವನು" ಎನ್ನುವ ಒಂದು ಪದ ಸಾಲದು. "ಹೀಗಾದರೆ, ಹಾಗೆ ಮಾಡುತ್ತಾನೆ" ಎನ್ನುವ ಜೋಡಿಗಳ ಕಟ್ಟು ಅದು.

ನನ್ನ ಗೆಳೆಯನಿಗೆ ಇದನ್ನು ಹಚ್ಚಿ ನೋಡಿ. ಅವನು ಅಂಗಡಿಯವರು ಹೆಚ್ಚು ಚಿಲ್ಲರೆ ಕೊಟ್ಟರೆ ತಿರುಗಿ ಹೋಗಿ ವಾಪಸ್ ಕೊಡುವವನು. ಬೇರೆಯವರ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ತಾನು ಸೋತಿದ್ದೇನೆ ಅಂತ ಪ್ರೀತಿಸುವವರ ಮುಂದೆ ಹೇಳಬೇಕಾದಾಗ ಮಾತ್ರ ಮುಚ್ಚಿಡುತ್ತಾನೆ. "ಪ್ರಾಮಾಣಿಕ" ಎನ್ನುವ ಪದದಲ್ಲಿ ಈ ಒಂದು ಬಿರುಕು ಕಾಣುವುದಿಲ್ಲ. ಜೋಡಿಯಾಗಿ ಬರೆದರೆ ಕಾಣುತ್ತದೆ.

ಹದಿನಾರು ಪೆಟ್ಟಿಗೆಗಳು, ಐದು ಅಳತೆಗಳು

ಪರ್ಸನಾಲಿಟಿ ಟೈಪ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಮೈಯರ್ಸ್-ಬ್ರಿಗ್ಸ್. ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರದ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಕಟ್ಟಿದ ಪರೀಕ್ಷೆ ಇದು. ಒಬ್ಬೊಬ್ಬರಿಗೂ ನಾಲ್ಕು ಅಕ್ಷರದ ಗುರುತು, ಪ್ರತಿ ಅಕ್ಷರವೂ ಎರಡು ತುದಿಗಳಲ್ಲಿ ಒಂದು, ಒಟ್ಟು ಹದಿನಾರು ಬಗೆ. ಇದರ ತೊಂದರೆ ಏನೆಂದರೆ, ಹೆಚ್ಚಿನ ಜನ ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ, ಪರೀಕ್ಷೆ ಅವರನ್ನು ಆ ಪೆಟ್ಟಿಗೆಗೋ ಈ ಪೆಟ್ಟಿಗೆಗೋ ತಳ್ಳುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರ ಅಕ್ಷರಗಳು ಬದಲಾಗುತ್ತವೆ. ಇಬ್ಬರು ಕೂತು ಮಾತು ಶುರು ಮಾಡಲು ಇದು ಚೆನ್ನಾಗಿದೆ. "ಈ ಅಕ್ಷರದವರು ಮೋಸ ಮಾಡುತ್ತಾರೆ, ಆ ಅಕ್ಷರದವರು ನಂಬಿಕಸ್ಥರು" ಅಂತ ತೀರ್ಪು ಕೊಡಲು ಖಂಡಿತ ಬಳಸಬಾರದು.

ಸಂಶೋಧಕರು ಹೆಚ್ಚಾಗಿ ಬಳಸುವುದು ಬಿಗ್ ಫೈವ್ ಎಂಬ ಐದು ಅಳತೆಗಳನ್ನು. ಇಲ್ಲಿ ಪೆಟ್ಟಿಗೆ ಇಲ್ಲ, ಹೆಚ್ಚು ಕಡಿಮೆ ಮಾತ್ರ ಇದೆ. ಜನರೊಡನೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಅಚ್ಚುಕಟ್ಟುತನ, ಬೇಗ ಕಲಕಿಹೋಗುವ ಮನಸ್ಸು, ಹೊಸತಿಗೆ ತೆರೆದುಕೊಳ್ಳುವ ಗುಣ. ಒತ್ತಡ ಬಂದಾಗ ಇವು ಒಂದೊಂದೂ ನಂಬಿಕೆಯನ್ನು ಬೇರೆ ಬೇರೆ ಕಡೆಯಿಂದ ಸವೆಸುತ್ತವೆ. ಮುಂದೆ ಹೇಳುವುದರಲ್ಲಿ ಸಂಶೋಧನೆಯ ಜೊತೆಗೆ ನಾನು ಕಂಡದ್ದೂ ಸೇರಿದೆ.

ಹೊಂದಿಕೊಂಡು ಹೋಗುವವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅವರ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಜಗಳ ಆಡುವುದಿಲ್ಲ. "ಪರವಾಗಿಲ್ಲ ಬಿಡು" ಅನ್ನುತ್ತಾರೆ. ನೋವಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಒತ್ತಡ ಏರಿದಂತೆ ಈ "ಪರವಾಗಿಲ್ಲ" ಜಾಸ್ತಿಯಾಗುತ್ತದೆ. ಎದುರಿನವರಿಗೆ ಎಲ್ಲ ಸರಿ ಇದೆ ಅಂತಲೇ ಅನಿಸುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಅವರು ದೂರವಾಗುತ್ತಾರೆ, ಅಥವಾ ಎಲ್ಲವನ್ನೂ ಒಂದೇ ಸಲ ಹೊರಗೆ ಹಾಕುತ್ತಾರೆ. ಎದುರಿನವರು ದಂಗಾಗುತ್ತಾರೆ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂತ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಶಾಂತಿಗಾಗಿ ಆಡಿದ ನೂರು "ಪರವಾಗಿಲ್ಲ"ಗಳು ಒಂದೊಂದೂ ಪುಟ್ಟ ಸುಳ್ಳೇ. ಎದುರಿನವರಿಗೆ ತಿದ್ದಿಕೊಳ್ಳುವ ಅವಕಾಶವನ್ನು ಅವು ಕಿತ್ತುಕೊಂಡಿರುತ್ತವೆ. ಈ ಗುಂಪಿಗೆ ನಾನೂ ಸೇರಿದವಳು. ಹತ್ತಿರದವರೊಬ್ಬರನ್ನು ಹೀಗೆ ಕಳೆದುಕೊಂಡ ಮೇಲೆ ಇದು ನನಗೆ ಅರ್ಥವಾಯಿತು.

ಅಚ್ಚುಕಟ್ಟಿನವರು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ. ನಂಬಿಕೆಯ ಮೊದಲ ಪದರದಲ್ಲಿ ಅವರನ್ನು ಮೀರಿಸುವವರಿಲ್ಲ. ಒತ್ತಡದಲ್ಲಿ ಅವರ ಕಣ್ಣು ನಿಯಮದ ಮೇಲೆ ನೆಡುತ್ತದೆ. ಕಾಯಿಲೆ ಬಿದ್ದ ಸಂಗಾತಿಗೆ ಔಷಧಿ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ, ಪಕ್ಕದಲ್ಲಿ ಹತ್ತು ನಿಮಿಷ ಸುಮ್ನೆ ಕೂರುವುದಿಲ್ಲ. ತಮ್ಮ ಕೆಲಸ ತಾವು ಮಾಡಿದ್ದೇವೆ ಅಂತ ಲೆಕ್ಕ ತೋರಿಸುತ್ತಾರೆ. ಎದುರಿನವರ ಲೆಕ್ಕದಲ್ಲಿ ಬಾಕಿ ಉಳಿದದ್ದು ಬೇರೆಯೇ ಆಗಿರುತ್ತದೆ.

ಬೇಗ ಕಲಕುವ ಮನಸ್ಸಿನವರಿಗೆ ಅನುಮಾನವೇ ದೊಡ್ಡ ಪರೀಕ್ಷೆ. ಫೋನ್ ಎತ್ತಲಿಲ್ಲ, ಉತ್ತರ ತಡವಾಯಿತು, ಧ್ವನಿ ಬೇರೆ ಥರ ಇತ್ತು, ಇಷ್ಟೇ ಸಾಕು. ಸಂಗಾತಿ ಮಲಗಿದ ಮೇಲೆ ಮೊಬೈಲ್ ತೆಗೆದು ನೋಡುತ್ತಾರೆ. ನಂಬಿಕೆ ಇದೆಯೋ ಇಲ್ಲವೋ ಅಂತ ತಿಳಿಯಲು ನಂಬಿಕೆಯನ್ನೇ ಮುರಿಯುತ್ತಾರೆ. ಅವರ ಭಯ ನಿಜ, ಅದಕ್ಕೆ ಮರುಕ ಬೇಕು. ಕದ್ದು ನೋಡಿದ್ದು ಮಾತ್ರ ಕದ್ದು ನೋಡಿದ್ದೇ.

ಬೆರೆಯುವ ಗುಣದವರು ಮಾತಾಡಿ ಹಗುರಾಗುತ್ತಾರೆ, ಅವರಿಂದ ಸೋರುವುದು ಇನ್ನೊಬ್ಬರ ಗುಟ್ಟು. ಹೊಸತಿಗೆ ತೆರೆದುಕೊಂಡವರು ಆಡಿದ ಮಾತಿಗೆ ಹೊಸ ಅರ್ಥ ಹುಡುಕಬಲ್ಲರು. ಇಕ್ಕಟ್ಟಿನಲ್ಲಿ ಆ ಜಾಣತನ ಮಾತು ತಪ್ಪಲು ಬಳಕೆಯಾಗುವುದುಂಟು.

ಐದರಲ್ಲಿ ಒಂದು ಮುಖ್ಯವಾದದ್ದು ಬಿಟ್ಟುಹೋಗಿದೆ ಅಂತ ಮೈಕೆಲ್ ಆಷ್ಟನ್ ಮತ್ತು ಕಿಬೀಯಮ್ ಲೀ ವಾದಿಸಿದರು. ಅವರು ಸೇರಿಸಿದ ಆರನೆಯ ಅಳತೆ ಪ್ರಾಮಾಣಿಕತೆ ಮತ್ತು ವಿನಯ. ಎದುರಿನವರನ್ನು ಬಳಸಿಕೊಳ್ಳುವ ಅವಕಾಶ ಇದ್ದರೂ, ಸಿಕ್ಕಿಬೀಳುವ ಭಯ ಇಲ್ಲದಿದ್ದರೂ, ಬಳಸಿಕೊಳ್ಳದಿರುವ ಗುಣ. ಮೋಸದ ಪ್ರಯೋಗಗಳಲ್ಲಿ ಯಾರು ಮೋಸ ಮಾಡಬಹುದು ಎನ್ನುವುದಕ್ಕೆ ಉಳಿದ ಐದಕ್ಕಿಂತ ಇದೇ ಒಳ್ಳೆಯ ಸುಳಿವು. ಇದು ಕಡಿಮೆ ಇರುವವರ ಜೊತೆ ಬದುಕುವುದು ಬೇರೆಯೇ ಕಥೆ. ಅವರು ನಂಬಿಕೆ ಮುರಿಯಲು ಒತ್ತಡವೇ ಬೇಕಿಲ್ಲ, ಅವಕಾಶ ಸಾಕು. ಒತ್ತಡದಲ್ಲಿ ಎಡವುವವರನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹತ್ತಿರ ಬರುವವರು, ದೂರ ಸರಿಯುವವರು

ಸಂಬಂಧದ ಮಟ್ಟಿಗೆ ನನ್ನನ್ನು ಕೇಳಿದರೆ, ಈ ಅಳತೆಗಳಿಗಿಂತ ಜಾಸ್ತಿ ಬೆಳಕು ಕೊಡುವುದು ಅಟ್ಯಾಚ್‌ಮೆಂಟ್ ಸಿದ್ಧಾಂತ, ಅಂದರೆ ಹತ್ತಿರದವರ ಜೊತೆ ನಮಗೆ ಬೆಸೆಯುವ ನಂಟಿನ ಬಗೆಗಿನ ವಿಚಾರ. ಅದನ್ನು ಶುರು ಮಾಡಿದ್ದು ಜಾನ್ ಬೌಲ್ಬಿ. ಮೇರಿ ಏನ್ಸ್‌ವರ್ತ್ ಪುಟ್ಟ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ದೂರ ಇಟ್ಟು, ತಾಯಿ ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅಂತ ಗಮನಿಸಿದರು. ಕೆಲವು ಮಕ್ಕಳು ಅತ್ತು, ತಾಯಿಯನ್ನು ಅಪ್ಪಿಕೊಂಡು, ಬೇಗ ಸಮಾಧಾನವಾಗುತ್ತಿದ್ದರು. ಕೆಲವರು ಅಪ್ಪಿಕೊಂಡರೂ ಅಳು ನಿಲ್ಲಿಸುತ್ತಿರಲಿಲ್ಲ. ಕೆಲವರು ಮುಖ ತಿರುಗಿಸಿಕೊಂಡು ಆಟ ಮುಂದುವರಿಸುತ್ತಿದ್ದರು. 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ದೊಡ್ಡವರ ಪ್ರೀತಿಯಲ್ಲೂ ಇದೇ ಮೂರು ಬಗೆ, ಅಂದರೆ ನಿಶ್ಚಿಂತೆಯವರು, ಹಿಂದೆ ಹೋಗಿ ಹಿಡಿದುಕೊಳ್ಳುವವರು, ದೂರ ಸರಿಯುವವರು, ಕಾಣುತ್ತದೆ ಅಂತ ತೋರಿಸಿದರು.

ಈ ಬಗೆಗಳು ಹೊರಗೆ ಕಾಣುವುದು ಒತ್ತಡದಲ್ಲಿ. 1992ರಲ್ಲಿ ಜೆಫ್ರಿ ಸಿಂಪ್ಸನ್ ಮತ್ತು ಸಂಗಡಿಗರು ಜೋಡಿಗಳನ್ನು ಕರೆಸಿದರು. ಹೆಣ್ಣಿಗೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಹೆಚ್ಚಿನವರಿಗೆ ಭಯ ಹುಟ್ಟಿಸುವಂಥ ಅನುಭವ ಕಾದಿದೆ ಅಂತ ಹೇಳಿದರು. ಆಮೇಲೆ ಇಬ್ಬರನ್ನೂ ಒಂದು ಕೋಣೆಯಲ್ಲಿ ಕಾಯಲು ಬಿಟ್ಟು ಅವರಿಗೆ ಗೊತ್ತಾಗದಂತೆ ವಿಡಿಯೋ ಮಾಡಿದರು. ಮನಸ್ಸಿನಲ್ಲಿ ನಿಶ್ಚಿಂತೆ ಇದ್ದ ಹೆಣ್ಣುಮಕ್ಕಳು ಭಯ ಹೆಚ್ಚಿದಷ್ಟೂ ಗೆಳೆಯನ ಹತ್ತಿರ ಹೋದರು. ದೂರ ಸರಿಯುವ ಸ್ವಭಾವದವರು ಭಯ ಹೆಚ್ಚಿದಷ್ಟೂ ದೂರ ಹೋದರು. ಗಂಡಸರಲ್ಲೂ ಹೀಗೇ. ಗೆಳತಿಯ ಭಯ ಹೆಚ್ಚಿದಷ್ಟೂ ನಿಶ್ಚಿಂತೆಯವರು ಜಾಸ್ತಿ ಆಸರೆ ಕೊಟ್ಟರು, ದೂರ ಸರಿಯುವವರು ಕಡಿಮೆ ಕೊಟ್ಟರು. ಭಯ ಕಡಿಮೆ ಇದ್ದಾಗ ಇಂಥವರು ತಣ್ಣಗಿನವರಾಗಿ ಕಾಣುತ್ತಿರಲಿಲ್ಲ. ಅಂದರೆ ಅವರು ಯಾವಾಗಲೂ ದೂರ ಇರುವವರಲ್ಲ. ಬೇಕಾದ ಹೊತ್ತಿನಲ್ಲೇ ದೂರ ಹೋಗುವವರು.

ಹಿಂದೆ ಹೋಗಿ ಹಿಡಿದುಕೊಳ್ಳುವವರೂ ದೂರ ಸರಿಯುವವರೂ ಜೊತೆಯಾದರೆ ಒಂದು ಸುತ್ತು ಶುರುವಾಗುತ್ತದೆ. ಇವಳು ಕೇಳುತ್ತಾಳೆ, ಅವನು ಬಾಯಿ ಮುಚ್ಚುತ್ತಾನೆ. ಬಾಯಿ ಮುಚ್ಚಿದ್ದಕ್ಕೆ ಇವಳು ಇನ್ನೂ ಜೋರಾಗಿ ಕೇಳುತ್ತಾಳೆ. ಅವನು ಎದ್ದು ಹೊರಗೆ ಹೋಗುತ್ತಾನೆ. ಅವನಿಗೆ ಅದು ಜಗಳ ತಪ್ಪಿಸುವ ದಾರಿ. ಇವಳಿಗೆ ಅದು ಕೈಬಿಟ್ಟುಹೋದ ಗುರುತು. ಗಂಡು ಹೆಣ್ಣು ಅದಲು ಬದಲಾದರೂ ಸುತ್ತು ಅದೇ. ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಜಾನ್ ಗಾಟ್‌ಮನ್ ಇನ್ನೊಂದು ವಿಷಯ ಹೇಳುತ್ತಾರೆ. ಮಾತಿನ ನಡುವೆ ಎದೆ ಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಸರಿಯಾಗಿ ಒಳಗೆ ಇಳಿಯುವುದಿಲ್ಲ, ದೇಹ ತಣ್ಣಗಾಗಲು ಕಡಿಮೆ ಎಂದರೂ 20 ನಿಮಿಷ ಬೇಕು. ಗೋಡೆಯಂತೆ ಕೂತವನ ಒಳಗೆ ಬಿರುಗಾಳಿ ಇರಬಹುದು ಅಂತ ಗೊತ್ತಾದ ಮೇಲೆ ನಾನು ಮೌನವನ್ನು ಸೊಕ್ಕು ಅಂತ ಓದುವುದನ್ನು ಬಿಟ್ಟೆ.

ನನಗೆ ಒತ್ತಡ, ನಿನಗೆ ಬುದ್ಧಿ

ಇಲ್ಲಿ ನೀತಿಯ ಪ್ರಶ್ನೆ ಎದುರಾಗುತ್ತದೆ. ನಾನು ರೇಗಿದರೆ, "ಇವತ್ತು ತುಂಬ ಸುಸ್ತಾಗಿತ್ತು" ಅನ್ನುತ್ತೇನೆ. ನೀನು ರೇಗಿದರೆ, "ನಿನ್ನ ಬುದ್ಧಿಯೇ ಹಾಗೆ" ಅನ್ನುತ್ತೇನೆ. ಎದುರಿನವರ ನಡತೆಗೆ ಸಂದರ್ಭವನ್ನು ಬಿಟ್ಟು ಗುಣವನ್ನೇ ಕಾರಣ ಮಾಡುವ ಈ ಚಾಳಿಗೆ ಲೀ ರಾಸ್ 1977ರಲ್ಲಿ ಒಂದು ಹೆಸರೇ ಕೊಟ್ಟರು. ಹೊಸದಾಗಿ ಮದುವೆಯಾದವರನ್ನು ಅಭ್ಯಾಸ ಮಾಡಿದ ಲೀಸಾ ನೆಫ್ ಮತ್ತು ಬೆಂಜಮಿನ್ ಕಾರ್ನಿಗೆ ಕಂಡದ್ದು, ಹೊರಗಿನ ಒತ್ತಡ ಹೆಚ್ಚಾದಾಗ ಈ ಚಾಳಿಯೂ ಹೆಚ್ಚಾಗುತ್ತದೆ ಅಂತ. ಸಾಧಾರಣ ದಿನಗಳಲ್ಲಿ ಸಂಗಾತಿಯ ತಪ್ಪಿಗೆ ಧಾರಾಳವಾಗಿ ಕಾರಣ ಹುಡುಕಿ ಕೊಡುವವರೇ, ಒತ್ತಡದ ದಿನಗಳಲ್ಲಿ ಸಂಗಾತಿಯನ್ನೇ ದೂರುತ್ತಾರೆ. ಔದಾರ್ಯಕ್ಕೂ ಶಕ್ತಿ ಬೇಕು. ಒತ್ತಡ ಅದನ್ನು ತಿಂದುಹಾಕಿರುತ್ತದೆ.

ಇದರ ಜೊತೆಗೆ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುವ ಕಲೆ ಸೇರುತ್ತದೆ. ಒಳ್ಳೆಯವರು ಕೆಟ್ಟದ್ದನ್ನು ಮಾಡುವಾಗ ಮನಸ್ಸಾಕ್ಷಿಯನ್ನು ಹೇಗೆ ಮಲಗಿಸುತ್ತಾರೆ ಅಂತ ಆಲ್ಬರ್ಟ್ ಬಂಡೂರ ವಿವರಿಸಿದ್ದಾರೆ. ಮಾಡಿದ್ದಕ್ಕೆ ಚೆಂದದ ಹೆಸರು ಇಡುತ್ತಾರೆ, ಇನ್ನೂ ಕೆಟ್ಟದ್ದಕ್ಕೆ ಹೋಲಿಸುತ್ತಾರೆ, ಹೊಣೆಯನ್ನು ಬೇರೆಯವರ ಮೇಲೆ ಜಾರಿಸುತ್ತಾರೆ. ಯಾವ ಸ್ವಭಾವದವರು ಯಾವ ನೆಪ ಹಿಡಿಯುತ್ತಾರೆ ಅಂತ ಗಮನಿಸಿ. ಹೊಂದಿಕೊಳ್ಳುವವರು "ಮನೆ ಶಾಂತವಾಗಿರಲಿ ಅಂತ" ಅನ್ನುತ್ತಾರೆ. ಶಿಸ್ತಿನವರು "ಯಾರಾದರೂ ಜವಾಬ್ದಾರಿ ತಗೋಬೇಕಲ್ಲ" ಅನ್ನುತ್ತಾರೆ. ಅನುಮಾನದವರು "ನೀನೇ ಹೀಗೆ ಮಾಡಿಸಿದೆ" ಅನ್ನುತ್ತಾರೆ. ದೂರ ಸರಿಯುವವರು "ನೀನು ಕೇಳಲಿಲ್ಲ, ನಾನು ಹೇಳಲಿಲ್ಲ" ಅನ್ನುತ್ತಾರೆ. ನಮ್ಮ ಬಾಯಲ್ಲಿ ಇಂಥ ವಾಕ್ಯ ಸಲೀಸಾಗಿ ಬಂದರೆ ಅಲ್ಲಿ ಒಂದು ಕ್ಷಣ ನಿಲ್ಲಬೇಕು.

ಟೈಪ್ ಎನ್ನುವುದು ಇನ್ನೊಂದು ನೆಪವಾಗುವ ಅಪಾಯವೂ ಇದೆ. "ನಾನು ಇರೋದೇ ಹೀಗೆ" ಅಂತ ಹೇಳಿದರೆ ಅಲ್ಲಿಗೆ ಮಾತು ನಿಂತುಹೋಗುತ್ತದೆ. ವಿವರಣೆ ಬೇರೆ, ವಿನಾಯಿತಿ ಬೇರೆ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೊಡೆಯುವುದು, ಬೆದರಿಸುವುದು, ದುಡ್ಡು ಕೈಗೆ ಸಿಗದಂತೆ ಕಟ್ಟಿಹಾಕುವುದು, ಯಾರನ್ನೂ ಭೇಟಿಯಾಗದಂತೆ ತಡೆಯುವುದು, ಇವು ಯಾವ ಟೈಪ್‌ನ ಒತ್ತಡದ ರೀತಿಯೂ ಅಲ್ಲ. ಅಂಥ ಕಡೆ ಸ್ವಭಾವ ಅರ್ಥ ಮಾಡಿಕೊಳ್ಳುತ್ತ ಕೂರಬೇಡಿ. ಮೊದಲು ಸುರಕ್ಷಿತ ಜಾಗ, ನಂಬುವವರ ನೆರವು.

ಮೊದಲೇ ಆಡಿಟ್ಟುಕೊಳ್ಳುವ ಮಾತು

ಉಳಿದ ಎಲ್ಲ ಕಡೆ ಮಾಡಬಹುದಾದದ್ದು ಬೇಕಾದಷ್ಟಿದೆ. ಒತ್ತಡದ ನಡುವೆ ಹೊಸ ಬುದ್ಧಿ ಬರುವುದಿಲ್ಲ, ಅದಕ್ಕೇ ಮಾತು ಮೊದಲೇ ಆಗಬೇಕು. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು "ಒಳ್ಳೆಯವನಾಗಿರುತ್ತೇನೆ" ಅಂತ ನಿಶ್ಚಯ ಮಾಡುವುದಕ್ಕಿಂತ "ಹೀಗಾದರೆ, ಇದನ್ನು ಮಾಡುತ್ತೇನೆ" ಅಂತ ನಿಶ್ಚಯ ಮಾಡಿದವರು ಅದನ್ನು ಹೆಚ್ಚು ನಡೆಸುತ್ತಾರೆ ಅಂತ ತೋರಿಸಿದ್ದಾರೆ. ಸ್ವಭಾವ ಇರುವುದೇ ಈ ರೂಪದಲ್ಲಿ ಅಲ್ವಾ? ಹಾಗಾಗಿ ಮದ್ದೂ ಅದೇ ರೂಪದಲ್ಲಿ ಇದ್ದರೆ ಹಿಡಿಯುತ್ತದೆ.

ದೂರ ಸರಿಯುವವರು ಎದ್ದು ಹೋಗಲಿ, ಆದರೆ ವಾಪಸ್ ಬರುವ ಹೊತ್ತು ಹೇಳಿ ಹೋಗಲಿ. "ಅರ್ಧ ಗಂಟೆ ಬಿಟ್ಟು ಬರುತ್ತೇನೆ, ಆಗ ಮಾತಾಡೋಣ" ಅಂದರೆ ಅದು ಕೈಬಿಟ್ಟಂತೆ ಆಗುವುದಿಲ್ಲ. ಬರುವುದು ಮಾತ್ರ ಬರಲೇಬೇಕು. ಅನುಮಾನ ಕಾಡಿದವರು ಮೊಬೈಲ್ ಮುಟ್ಟುವ ಮೊದಲು "ನನಗೆ ಭಯ ಆಗ್ತಿದೆ" ಅಂತ ಬಾಯಿಬಿಟ್ಟು ಹೇಳಲಿ. ಬೆರೆಯುವವರು ಯಾರ ಹತ್ತಿರ ಏನು ಹೇಳಬಹುದು ಅಂತ ಸಂಗಾತಿಯನ್ನೇ ಕೇಳಿಟ್ಟುಕೊಳ್ಳಲಿ. ಶಿಸ್ತಿನವರು ನಿರ್ಧಾರ ತಿಳಿಸುವ ಬದಲು ಲೆಕ್ಕದ ಹಾಳೆಯನ್ನು ಮುಂದಿಟ್ಟು ಕೇಳಲಿ. ನನ್ನಂಥವರು "ಪರವಾಗಿಲ್ಲ" ಅಂದ ಮೇಲೂ ಒಳಗೆ ನೋವು ಉಳಿದಿದೆ ಅನಿಸಿದರೆ ಎರಡು ದಿನದೊಳಗೆ ವಾಪಸ್ ಬಂದು ಹೇಳಬೇಕು. ಈ ಕೊನೆಯದನ್ನು ನಾನು ಪಾಲಿಸುತ್ತಿದ್ದೇನೆ. ಪ್ರತಿ ಸಲವೂ ಕಷ್ಟ ಆಗುತ್ತದೆ. ಹೇಳಿದ ಮೇಲೆ ಯಾರೂ ನನ್ನನ್ನು ಬಿಟ್ಟು ಹೋಗಿಲ್ಲ.

ಸ್ವಭಾವ ಬದಲಾಗುತ್ತದೆಯೇ ಅಂತ ಕೇಳುವವರಿಗೆ, ಸ್ವಲ್ಪ ಮಟ್ಟಿಗೆ ಹೌದು. 2017ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 207 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಚಿಕಿತ್ಸೆ, ಕೌನ್ಸೆಲಿಂಗ್‌ನಂಥ ನೆರವಿನಿಂದ ಕೆಲವೇ ತಿಂಗಳಲ್ಲಿ ಗುಣಗಳು ಸರಿಯುವುದು ಕಂಡಿತು. ಎಲ್ಲಕ್ಕಿಂತ ಹೆಚ್ಚು ಸರಿದದ್ದು ಬೇಗ ಕಲಕುವ ಮನಸ್ಸು.

ಮುರಿದದ್ದನ್ನು ಕೂಡಿಸುವಾಗಲೂ ಸ್ವಭಾವ ಅಡ್ಡ ಬರುತ್ತದೆ. "ಆದದ್ದಾಯಿತು, ಸಾರಿ" ಅಂತ ಬೇಗ ಮುಗಿಸಲು ನೋಡುತ್ತೇವೆ. ನೊಂದವರಿಗೆ ಬೇಕಾದದ್ದು ಬೇರೆ. ಏನು ಮಾಡಿದೆ, ಅದರಿಂದ ನಿನಗೆ ಏನಾಯಿತು, ಮುಂದೆ ಅದೇ ಸಂದರ್ಭ ಬಂದರೆ ಏನು ಮಾಡುತ್ತೇನೆ ಅಂತ ಬಿಡಿಸಿ ಹೇಳಬೇಕು. ಆ ಮೇಲೆ ಅವರು ಹತ್ತು ಸಲ ಕೇಳಿದರೆ ಹತ್ತು ಸಲವೂ ಉತ್ತರ ಕೊಡಬೇಕು. ಮೂರನೆಯ ಪದರ ಕಟ್ಟಿಕೊಳ್ಳುವುದು ಮೊದಲನೆಯದರ ಮೇಲೆ. ದಿನದಿನದ ಸಣ್ಣ ಸಣ್ಣ ಮಾತು ಉಳಿಸಿಕೊಳ್ಳದೆ ಅದು ಏಳುವುದಿಲ್ಲ.

ನನ್ನ ಗೆಳೆಯ ಮತ್ತು ಅವನ ಹೆಂಡತಿ ಒಂದು ಕರಾರು ಮಾಡಿಕೊಂಡರು. ಕೆಟ್ಟ ಸುದ್ದಿ ಬಂದರೆ ಅದೇ ದಿನ, ಮಲಗುವ ಮೊದಲು, ಒಂದೇ ಒಂದು ವಾಕ್ಯ ಹೇಳಬೇಕು. ವಿವರ ಬೇಡ, ಪರಿಹಾರ ಬೇಡ. ಕೇಳಿದವರು ಆ ರಾತ್ರಿ ಪ್ರಶ್ನೆ ಕೇಳಬಾರದು. ಈ ಎರಡನೆಯ ಭಾಗವನ್ನು ಸೇರಿಸಿದ್ದು ಅವಳು, ಯಾಕೆಂದರೆ ಅವನು ಹೆದರುವುದು ಪ್ರಶ್ನೆಗಳಿಗೆ ಅಂತ ಅವಳಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ, ದೀಪ ಆರಿಸಿದ ನಂತರ, ಅವನು ಹೇಳಿದನಂತೆ, "ಇವತ್ತಿನ ಇಂಟರ್‌ವ್ಯೂ ಹಾಳಾಯ್ತು." ಅವಳು ಏನೂ ಕೇಳಲಿಲ್ಲ. ಕತ್ತಲಲ್ಲೇ ಅವನ ಕೈ ಹುಡುಕಿ ಹಿಡಿದುಕೊಂಡಳು.